ಇದ್ದಲ್ಲೇ ಇರದ ನೀರು

ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ನನ್ನ ಎಡಗಾಲಿನ ಚಪ್ಪಲಿ ಸಮುದ್ರದಲ್ಲಿ ತೇಲುತ್ತಿರುವುದನ್ನು ಕಂಡೆ. ಕೂಡಲೇ ಗಡಿಯಾರ ನೋಡಿಕೊಂಡಿದ್ದರಿಂದ ಹೊತ್ತು ನೆನಪಿದೆ. ಚಪ್ಪಲಿ ತೇಲಿದಾಗ ಮನುಷ್ಯ ಗಡಿಯಾರ ಯಾಕೆ ನೋಡುತ್ತಾನೋ ತಿಳಿಯದು; ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದಿರಬೇಕು. ಆ ಚಪ್ಪಲಿಯನ್ನು ನಾನು ನೀರಿನಿಂದ ಸಾಕಷ್ಟು ದೂರದಲ್ಲಿ, ಒಂದು ಒಣ ಬಂಡೆಯ ಮೇಲೆ ಬಿಟ್ಟಿದ್ದೆ. ಈಗ ಬಂಡೆಯೇ ಕಾಣುತ್ತಿರಲಿಲ್ಲ.

ನಮ್ಮ ಬೀದರಿನ ನೀರು ಮರ್ಯಾದಸ್ಥ ನೀರು. ಬಾವಿಯದು ಬಾವಿಯಲ್ಲಿರುತ್ತದೆ, ಕೆರೆಯದು ಕೆರೆಯಲ್ಲಿರುತ್ತದೆ. ಮಾಂಜ್ರಾ ನದಿ ಏರುವುದಿದ್ದರೆ ಮಳೆಗಾಲದಲ್ಲಿ ಏರುತ್ತದೆ, ಅದಕ್ಕೂ ಮೊದಲು ಬಣ್ಣ ಬದಲಿಸಿ ಸೂಚನೆ ಕೊಡುತ್ತದೆ. ಬೆಳಿಗ್ಗೆ ಬಟ್ಟೆ ಒಗೆಯಲು ಕೂತ ಕಲ್ಲು ಸಂಜೆಗೂ ಅಲ್ಲೇ ಸಿಗುತ್ತದೆ. ಮೋಡವಿಲ್ಲ, ಮಳೆಯಿಲ್ಲ, ಯಾರಿಗೂ ಒಂದು ಮಾತು ಹೇಳದೆ ನೀರು ಎದ್ದು ನಡೆದು ಬರುತ್ತದೆ ಎಂದರೆ ನಮ್ಮ ಹಿರಿಯರು ಯಾರೂ ನಂಬುತ್ತಿರಲಿಲ್ಲ.

ಸಮುದ್ರ ನೋಡಲು ಹೋದವರು ಮೂವರು. ಒಬ್ಬರು ನನ್ನ ತಂದೆಯ ತಮ್ಮ ಗುರುಪಾದಪ್ಪ ಕಾಕಾ. ಬೀದರಿನ ಕಾಳಿನ ಮಾರುಕಟ್ಟೆಯಾದ ಗಾಂಧಿ ಗಂಜದಲ್ಲಿ ಅವರದು ತೊಗರಿ, ಕಡಲೆಯ ಅಡತ್ ಅಂಗಡಿ, ಅಂದರೆ ದಲಾಲಿ ವ್ಯಾಪಾರ. ಇನ್ನೊಬ್ಬಳು ಕಾಕೂ, ಅವರ ಹೆಂಡತಿ. ಮೂರನೆಯವನು ನಾನು, ಹೈದರಾಬಾದಿನಲ್ಲಿ ಕಾಲೇಜು ಓದಿ ಬಂದು ಬೀದರಿನ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತ ಅವರ ಮನೆಯಲ್ಲೇ ಇದ್ದವನು. ಬೀದರ ಮೈಸೂರು ರಾಜ್ಯ ಸೇರಿ ಕೆಲವು ವರ್ಷಗಳಾಗಿದ್ದವು. ಸೇರಿದ್ದರಿಂದ ನಮಗೇನು ಸಿಕ್ಕಿತು ಎಂಬ ಚರ್ಚೆ ಮಾತ್ರ ಗಂಜದಲ್ಲಿ ಮುಗಿದಿರಲಿಲ್ಲ. ಕನ್ನಡ ಶಾಲೆಗಳು ಬಂದವು ಎನ್ನುವವರಿದ್ದರು, ಅರ್ಜಿ ಹೋಗಿ ಮುಟ್ಟುವ ದೂರ ಹೆಚ್ಚಾಯಿತು ಎನ್ನುವವರೂ ಇದ್ದರು. ನಾನು ಮನೆಗೆ ತಂದಿದ್ದ ಹೊಸ ನಕಾಶೆಯ ಎಡ ಅಂಚಿನ ಮೇಲೆ ಕಾಕಾ ಬೆರಳಿಟ್ಟರು.

“ನಿಜಾಮಶಾಹಿದಾಗ ನಮಗ ಸಮುದ್ರ ಇದ್ದಿಲ್ಲ. ಈಗ ಅದ. ನಮ್ಮದಂದ ಮ್ಯಾಲ ಒಮ್ಮಿ ಹೋಗಿ ನೋಡಿ ಬರಬೇಕೋ ಬ್ಯಾಡೋ?”

ದೂರದ ಊರಿನಲ್ಲಿ ಹೊಲ ಪಾಲಿಗೆ ಬಂದರೆ ಒಮ್ಮೆ ಹೋಗಿ ಬದು ನೋಡಿ ಬರುತ್ತಾರಲ್ಲ, ಹಾಗೆ ನಾವು ಹೊರಟೆವು. ರೈಲು ಬದಲಿಸಿ, ಬಸ್ಸು ಬದಲಿಸಿ, ಘಟ್ಟ ಇಳಿದು ಕಾರವಾರ ಮುಟ್ಟುವ ಹೊತ್ತಿಗೆ ಕಾಕೂ ತಂದಿದ್ದ ಖಡಕ್ ರೊಟ್ಟಿ ಅರ್ಧ ಪುಡಿಯಾಗಿತ್ತು. ಕಾರವಾರದವರೂ ನಮ್ಮ ಹಾಗೆಯೇ ರಾಜ್ಯಕ್ಕೆ ಹೊಸಬರು, ಅವರು ಮುಂಬಯಿ ರಾಜ್ಯದಿಂದ ಬಂದವರು. ಆದರೂ ಖಾನಾವಳಿಯ ಯಜಮಾನ “ಬೀದರ ಅಂದ್ರೆ ಎಲ್ಲಿ ಬಂತು?” ಎಂದು ಕೇಳಿದ. “ಮ್ಯಾಲರಿ. ನಕಾಶ ಮುಗಿಯೋ ತನಕ ಹೋಗರಿ, ಅಲ್ಲೇ ಇರ್ತೇವಿ” ಎಂದರು ಕಾಕಾ.

ತಿರುಗಾಟ ಚೆನ್ನಾಗಿಯೇ ಇತ್ತು. ಹಳೆಯ ಬಂದರು, ದೀಪಸ್ತಂಭ, ಪಾಚಿ ಹಿಡಿದ ಗೋಡೆಗಳು, ಸಮುದ್ರದ ಕಡೆ ಬಾಯಿ ತೆರೆದು ಮಲಗಿದ ತುಕ್ಕು ತೋಪುಗಳು. ಮೀನಿನ ವಾಸನೆಗೆ ಕಾಕೂ ಸೆರಗು ಮೂಗಿನಿಂದ ಇಳಿಸಲಿಲ್ಲ. ಕಾಕಾ ಸಮುದ್ರದಂಡೆಯ ಮರಳನ್ನು ಅಂಗೈಯಲ್ಲಿ ಹರಡಿ, ಕಾಳಿನ ಮಾದರಿ ನೋಡುವಂತೆ ಊದಿ, “ಮಾಲ ಸ್ವಚ್ಛ ಅದ” ಎಂದರು. ನಾನು ನನ್ನ ವಿದ್ಯೆಯನ್ನು ಸಂಕೋಚವಿಲ್ಲದೆ ಹಂಚುತ್ತಿದ್ದೆ. ಬಹಮನಿಗಳ ಕಾಲದಲ್ಲಿ ಅರಬರ ಕುದುರೆಗಳು ಇದೇ ಪಶ್ಚಿಮ ತೀರದ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ, ನಮ್ಮ ಬೀದರ ಕೋಟೆಯವರೆಗೆ ನಡೆದು ಬರುತ್ತಿದ್ದವು ಎಂದು ಹೇಳಿದೆ. ಕಾಕೂ, “ಪಾಪ, ಘಟ್ಟ ಹತ್ತೂಮುಂದ ಅವಕ್ಕೂ ಹೊಟ್ಟಿ ತೊಳಸಿರಬೇಕು” ಎಂದಳು. ಬಸ್ಸಿನ ನೆನಪು ಅವಳಿಗಿನ್ನೂ ಹೋಗಿರಲಿಲ್ಲ.

ತೀರಕ್ಕೆ ಹತ್ತಿರದಲ್ಲೇ ಒಂದು ನಡುಗಡ್ಡೆಯಿತ್ತು. ಅಲ್ಲಿಯವರು ನಡುಗಡ್ಡೆಗೆ ಕುರ್ವೆ ಎನ್ನುತ್ತಾರೆ. ಅದರ ಮೇಲೆ ಕುಸಿದ ಪುಟ್ಟ ಕೋಟೆ, ಕೋಟೆಯೊಳಗೆ ಸಿಹಿನೀರಿನ ಬಾವಿ. ಬೆಳಗಿನ ಜಾವ ನಡೆದೇ ಹೋಗಬಹುದು ಎಂದು ಖಾನಾವಳಿಯಲ್ಲಿ ಯಾರೋ ಹೇಳಿದ್ದರು. ಯಾವ ದಿನ ಹೋಗುವುದು ಎಂಬ ಪ್ರಶ್ನೆ ಕಾಕಾಗೆ ಪ್ರಶ್ನೆಯೇ ಆಗಿರಲಿಲ್ಲ.

“ಅಮಾಸಿ ದಿನ ಹೋಗಮ್ಮು. ಗಂಜ ಬಂದ್ ಇರ್ತದ.”

ಗಂಜ ರಾಜ್ಯದ ಇನ್ನೊಂದು ತುದಿಯಲ್ಲಿತ್ತು. ಅದು ತೆರೆದಿದ್ದರೂ ಮುಚ್ಚಿದ್ದರೂ ನಮಗೆ ಆಗಬೇಕಾದದ್ದೇನೂ ಇರಲಿಲ್ಲ. ಆದರೆ ಅಮಾವಾಸ್ಯೆಗೆ ಕಾಳಿನ ಸವಾಲು, ಅಂದರೆ ಹರಾಜು, ನಿಲ್ಲುತ್ತದೆ, ಹಮಾಲರು ಮನೆಗೆ ಹೋಗುತ್ತಾರೆ, ವ್ಯಾಪಾರಿ ಹೊರಗೆ ಕಾಲಿಡುತ್ತಾನೆ. ಭಾಲ್ಕಿಯ ಬೀಗರ ಮನೆಗಾಗಲಿ, ಔರಾದದ ಹೊಲ ನೋಡಲಾಗಲಿ, ಕಾಕಾ ಜೀವಮಾನವಿಡೀ ಅಮಾವಾಸ್ಯೆಗೇ ಹೋದವರು. ಬೇರೆ ದಿನ ತಿರುಗಲು ಅವರ ಕಾಲುಗಳೇ ಒಪ್ಪುತ್ತಿರಲಿಲ್ಲ.

ಇಲ್ಲಿ ಭೂಗೋಳದ ಮಾಸ್ತರ ಬಾಯಿ ತೆರೆಯಬೇಕಾಗಿತ್ತು. ಅಮಾವಾಸ್ಯೆಗೆ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ನೀರನ್ನು ಎಳೆಯುತ್ತಾರೆ, ಅಂದು ಇಳಿತವೂ ದೊಡ್ಡದು, ಉಬ್ಬರವೂ ದೊಡ್ಡದು. ಇದರ ಚಿತ್ರವನ್ನು ನಾನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಚಪ್ಪಾಳೆ ಗಿಟ್ಟಿಸಿದ್ದೆ. ನನ್ನ ಚಿತ್ರದಲ್ಲಿ ಭೂಮಿ ನಿಂಬೆಹಣ್ಣಿನಷ್ಟಿತ್ತು. ಅದರ ಮೇಲೆ ಯಾರೂ ನಿಂತಿರಲಿಲ್ಲ.

ಬೆಳಕು ಹರಿಯುವಾಗ ನಾವು ಹೊರಟೆವು. ದಂಡೆಯಿಂದ ಕುರ್ವೆಯವರೆಗೆ ಮರಳು, ಬಂಡೆಗಳ ದಾರಿ ಬಿದ್ದಿತ್ತು. ಭಾಲ್ಕಿಯ ರಸ್ತೆಗಿಂತ ಚೆನ್ನಾಗಿತ್ತು. ಚಿಪ್ಪು ಆರಿಸಿಕೊಂಡು ದಂಡೆಗೆ ಮರಳುತ್ತಿದ್ದ ಹೆಂಗಸರು ಎದುರಾದರು. ಒಬ್ಬಾಕೆ ನಮ್ಮ ಕಡೆ ಕೈ ಬೀಸಿದಳು. ಕಾಕೂ ತಿರುಗಿ ಕೈ ಮುಗಿದಳು.

ಕೋಟೆಯಲ್ಲಿ ಕಾಕಾ ಕಂದಕ ಹುಡುಕಿದರು. ಬೀದರಿನವರಿಗೆ ಕಂದಕವಿಲ್ಲದ ಕೋಟೆ ಕೋಟೆಯಲ್ಲ. ಸಮುದ್ರವೇ ಕಂದಕ ಎಂದೆ. “ಹಾಂಗಾದ್ರ ತೋಡೋ ತ್ರಾಸು ಉಳೀತು. ಶಾಣ್ಯಾ ಮಂದಿ” ಎಂದರು. ಆಮೇಲೆ ಬಾವಿಯ ನೀರು ಸೇದಿ ಸ್ನಾನ ಮಾಡಿ, ಕೊರಳ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರು. ಅವರ ಪೂಜೆಗೆ ಅವಸರ ಗೊತ್ತಿಲ್ಲ. ಪೂಜೆಯಾಗದೆ ಅವರ ಬಾಯಿಗೆ ಹನಿ ನೀರೂ ಹೋಗುವುದಿಲ್ಲ. ಕಾಕೂದೂ ಹಾಗೆಯೇ. ಎಲ್ಲ ಮುಗಿದು, ರೊಟ್ಟಿಯ ಪುಡಿಗೆ ಶೇಂಗಾ ಹಿಂಡಿ ಕಲಸಿ ತಿಂದು, ಕೆಳಗಿಳಿದಾಗ ನನ್ನ ಚಪ್ಪಲಿ ತೇಲುತ್ತಿತ್ತು.

ದಾರಿ ಇರಲಿಲ್ಲ. ದಾರಿಯಿದ್ದಲ್ಲಿ ಎರಡೂ ಬದಿಯ ಅಲೆಗಳು ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.

“ಇನ್ನಾ ಎದಿ ಮಟನೇ ಅದ” ಎಂದರು ಕಾಕಾ. “ಮಾಂಜ್ರಾ ದಾಟಿಲ್ಲೇನು ನಾ?”

“ಮಾಂಜ್ರಾದಾಗ ನೀರು ಒಂದೇ ಕಡಿಂದ ಬರ್ತದರಿ” ಎಂದಳು ಕಾಕೂ. “ಇದು ಎರಡೂ ಕಡಿಂದ ಬರ್ಲತ್ತದ.”

ಮಧ್ಯಾಹ್ನ ಕಳೆದ ಮೇಲೆ ತಾನಾಗಿಯೇ ಇಳಿಯುತ್ತದೆ, ಕೂತಿರೋಣ ಎಂದು ನಾನು ಹೇಳಿದೆ. ಹೇಳುವಾಗ ನನ್ನ ದನಿ ನನಗೇ ನಂಬಿಕೆ ಹುಟ್ಟಿಸುವಂತಿರಲಿಲ್ಲ.

“ನಿನ್ನ ಬುಕ್ಕಿನಾಗ ಇಳೀತದಪ್ಪ ಮಾಸ್ತರ. ಹಿಂಗೇ ಏರಕೋತ ಹೋದ್ರ ಕೋಟಿನೂ ಮುಳಗ್ತದ. ನಾ ಹೋಗಿ ದೋಣಿ ಕರಕೊಂಡು ಬರ್ತೇನಿ. ನೀವು ಕೂಡ್ರಿ.”

ಧೋತರ ಎತ್ತಿ ಕಟ್ಟಿ ಇಳಿದೇಬಿಟ್ಟರು. ನಾನೂ ಇಳಿಯಹೋದಾಗ ಕಾಕೂ ನನ್ನ ಅಂಗಿ ಹಿಡಿದಳು. “ನೀನೂ ಹೋದ್ರ ನಾ ಯಾರಿಗಿ ಒದರ್ಲಿ?”

ನೀರು ಸೊಂಟ ಮುಟ್ಟುವವರೆಗೆ ಅವರು ಮಾಂಜ್ರಾದಲ್ಲೇ ಇದ್ದಂತೆ ನಡೆದರು. ಆಮೇಲೆ ಒಂದು ಅಲೆ ಅವರನ್ನು ಎತ್ತಿತು. ರುಮಾಲು ಒಂದು ಕಡೆ ಹೋಯಿತು, ಅವರು ಇನ್ನೊಂದು ಕಡೆ ಹೋದರು. ಮತ್ತೆ ಕಂಡಾಗ ಒಂದು ಬಂಡೆಯ ತುದಿಗೆ ಎಡಗೈಯಲ್ಲಿ ಜೋತುಬಿದ್ದಿದ್ದರು. ಬಲಗೈ ಎದೆಯ ಮೇಲೆ ಮುಷ್ಟಿ ಕಟ್ಟಿತ್ತು. ಎದೆ ನೋವು ಬಂತೆಂದುಕೊಂಡೆ. ನಂತರ ತಿಳಿಯಿತು, ಅವರು ಕರಡಿಗೆ ಹಿಡಿದಿದ್ದರು. ದಾರ ಕಡಿದರೆ ಲಿಂಗ ನೀರುಪಾಲು. ಅಲೆ ಬಂದಾಗಲೆಲ್ಲ ಅವರು ಪೂರ್ತಿ ಮುಳುಗುತ್ತಿದ್ದರು, ಪಾಚಿಯ ಮೇಲೆ ಎಡಗೈ ಸ್ವಲ್ಪ ಜಾರುತ್ತಿತ್ತು, ಬಲಗೈ ಇದ್ದಲ್ಲಿಂದ ಕದಲುತ್ತಿರಲಿಲ್ಲ.

“ಕಾಕಾ, ಎರಡೂ ಕೈಲೆ ಹಿಡೀರಿ” ಎಂದು ನಾನು ಕೂಗಿದೆ, ಕೂಗುತ್ತಲೇ ಇದ್ದೆ. ಕಾಕೂನ ಕೈ ತನ್ನ ಕೊರಳಿಗೆ ಹೋಗಿತ್ತು.

ದಂಡೆಯಿಂದ ಯಾರೋ ನೋಡಿದ್ದರು. ದೋಣಿಯಲ್ಲಿ ಇಬ್ಬರು ಬಂದು, ಕಂಕುಳಲ್ಲಿ ಒಂದು ಕೈ ಹಾಕಿ, ಧೋತರಕ್ಕೆ ಇನ್ನೊಂದು ಕೈ ಹಾಕಿ ಕಾಕಾನನ್ನು ಎಳೆದುಕೊಂಡರು. ಆಮೇಲೆ ನಮ್ಮ ಕಡೆ ಬಂದರು. ಅವರಲ್ಲಿ ದೊಡ್ಡವನಿಗೆ ಸಿಟ್ಟು ಬಂದಿತ್ತು.

“ಎಂತ ಮಾರಾಯ್ರೆ, ಅಮಾಸೆ ದಿವಸ ಕುರ್ವೆಗೆ ಯಾರಾದ್ರೂ ಬರ್ತಾರಾ?”

ಕಾಕಾ ಕೆಮ್ಮಿ, ಉಪ್ಪು ನೀರು ಕಕ್ಕಿ, ಉಸಿರು ತಂದುಕೊಂಡು ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. “ಗಂಜ ಬಂದ್ ಇತ್ತರಿ.”

ಸಂಜೆಯ ಮುಂದೆ ಖಾನಾವಳಿಯ ಕಟ್ಟೆಯಿಂದ ನೋಡಿದರೆ ದಾರಿ ಮತ್ತೆ ಬಿದ್ದಿತ್ತು. ಒಂದು ನಾಯಿ ಕುರ್ವೆಯಿಂದ ದಂಡೆಗೆ ನಿಧಾನವಾಗಿ, ಅಲ್ಲಲ್ಲಿ ಮೂಸುತ್ತ ನಡೆದು ಬಂತು. ಅದರ ಪಾದ ಒದ್ದೆಯಾದಂತೆ ಕಾಣಲಿಲ್ಲ. ನಾವು ಮಾಡಬೇಕಾಗಿದ್ದದ್ದು ಇಷ್ಟೇ, ಕೂತಿರುವುದು.

ಅಂದು ಕಾಕಾ ಗೊರಕೆ ಹೊಡೆದು ಮಲಗಿದರು. ನಿದ್ದೆ ಕೆಟ್ಟದ್ದು ನನ್ನದು. ಊರಿಗೆ ಬಂದ ಮೇಲೂ ಕಣ್ಣು ಮುಚ್ಚಿದರೆ ಆ ಎಡಗೈ ಜಾರುತ್ತಿತ್ತು, ಬಲಗೈ ಸುಮ್ಮನಿರುತ್ತಿತ್ತು. ಬಂಡೆಯ ಪಾಚಿ, ಬೆರಳುಗಳ ಹಿಡಿತ, ದೋಣಿಯ ದೂರ ಎಲ್ಲವನ್ನೂ ಕೂಡಿಸಿ ಕಳೆದು ನೋಡುತ್ತಿದ್ದೆ. ಹೇಗೆ ನೋಡಿದರೂ ಒಂದು ಕೈ ಕಡಿಮೆ ಬೀಳುತ್ತಿತ್ತು, ಕಾಕಾ ಮುಳುಗುತ್ತಿದ್ದರು. ಆಚೆ ಕೋಣೆಯಲ್ಲಿ ಮುಳುಗಿದವರ ಗೊರಕೆ ಕೇಳುತ್ತಿತ್ತು. ಕಾಕೂಗೂ ನಿದ್ದೆಯಿಲ್ಲವೆಂದು ಅವಳ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ನಾವಿಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಎತ್ತುವ ಕೆಲಸ ಗಂಜದಲ್ಲಿ ನಡೆಯುತ್ತಿತ್ತು. ಕಾಕಾ ಕಥೆ ಹೇಳಿದಷ್ಟೂ ಅಲೆ ಬೆಳೆದು ಬೀದರಿನ ಚೌಬಾರಾ ಬುರುಜಿನ ಎತ್ತರಕ್ಕೆ ಬಂದಿತ್ತು. “ಸಾವಕಾರ್ರ, ನೀರು ಖರೇನೇ ಉಪ್ಪಿತ್ತೇನ್ರಿ?” ಎಂದು ಹಮಾಲನೊಬ್ಬ ಕೆಣಕಿದ. “ಎರಡು ತಂಬಿಗಿ ಕುಡದು ಬಂದೇನಿ. ನಿನಗ ಬೇಕಂದ್ರ ಮುಂದಿನ ಸಲ ಚೀಲ ತುಂಬಿ ತರ್ತೇನಿ” ಎಂದರು.

ಕಡೆಗೊಂದು ದಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ. “ಕಾಕಾ, ಅವತ್ತು ಎರಡೂ ಕೈಲೆ ಕಲ್ಲ ಯಾಕ ಹಿಡೀಲಿಲ್ಲ? ಜೀವ ಹೋಗಿದ್ರ?”

ಅವರು ತೊಗರಿಯ ರಾಶಿಯಿಂದ ಕಲ್ಲು ಆರಿಸುತ್ತಲೇ ಇದ್ದರು.

“ಎರಡೂ ಕೈಲೆ ಹಿಡದಿದ್ರ ಜೀವದ ಬಗ್ಗೆನೇ ವಿಚಾರ ಮಾಡ್ತಿದ್ದೆ. ಅಂಜಿ ಕೈ ಬಿಡ್ತಿದ್ದೆ. ಒಂದು ಕೈಗೆ ಕೆಲಸ ಇತ್ತು ನೋಡು, ಅದಕ್ಕ ಇನ್ನೊಂದು ಕೈಗೆ ಅಂಜಲಿಕ್ಕ ಪುರಸತ್ತೇ ಸಿಗಲಿಲ್ಲ.”

ಇದು ಭಕ್ತಿಯೋ, ವ್ಯಾಪಾರಿಯ ಲೆಕ್ಕಾಚಾರವೋ, ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ನನ್ನ ಕೂಡಿಸಿ ಕಳೆಯುವುದರಲ್ಲಿ ಆ ಬಲಗೈಯನ್ನು ನಾನು ನಷ್ಟದ ಕಡೆಗೆ ಹಿಡಿದಿದ್ದೆ ಎಂಬುದಷ್ಟೇ ತಿಳಿಯಿತು. ಮನೆಗೆ ಬಂದು ಕಾಕೂಗೆ ಹೇಳಿದೆ. ಹಿಟ್ಟು ನಾದುತ್ತಿದ್ದ ಅವಳು ಕೈ ನಿಲ್ಲಿಸಿದಳು.

“ಹಾಂಗಂದ್ರಾ? ಅದಕ್ಕೇ ಅಂಜಿಕಿ ಎಲ್ಲಾ ಕುರ್ವೆ ಮ್ಯಾಲ ನಮ್ಮಿಬ್ಬರ ಕಡಿ ಬಿಟ್ಟು ಹೋಗಿದ್ರು” ಎಂದಳು. ಮತ್ತೆ ಹಿಟ್ಟಿಗೆ ಕೈ ಹಾಕಿ, “ನಮ್ಮ ನಾಲ್ಕೂ ಕೈ ಖಾಲಿ ಇದ್ದವಲ್ಲೋ, ಹೊತ್ತೇವಿ” ಎಂದು ನಕ್ಕಳು. ಕುರ್ವೆಯಿಂದ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮರುದಿನ ನಮ್ಮ ಮನೆಯಲ್ಲಿ ಚಹಾ ತಡವಾಯಿತು. ಹಾಲಿನವನು ಬಂದು, ಬಾಗಿಲು ಬಡಿದು, ಯಾರೂ ಏಳದ್ದರಿಂದ ಪಕ್ಕದ ಮನೆಯಲ್ಲಿ ಹಾಲು ಕೊಟ್ಟು ಹೋಗಿದ್ದನಂತೆ. ಬಿಸಿಲು ಹಾಸಿಗೆಗೆ ಬಂದ ಮೇಲೆ ನಾನು ಎದ್ದೆ. ಕಾಕೂ ನನಗಿಂತಲೂ ಆಮೇಲೆ ಎದ್ದಳು.