ನಿಲ್ಲದೆ ಹೋದ ಲಾರಿ

ಯಲ್ಲಾಪುರದ ಹೊರಗೆ, ಹೆದ್ದಾರಿ ಪಕ್ಕದ ಬಾಡಿಗೆ ಕೋಣೆಯಲ್ಲಿ ಕೂತು ನಾನು ಲಾರಿಗಳ ಟೈರು ಕಾಯುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಟೈರಿನ ಗಾಳಿ, ಬಿಸಿ ಎರಡನ್ನೂ ಅಳೆದು ತಂತಿಯಿಲ್ಲದೆ ಕಳಿಸುವ ಸೆನ್ಸರುಗಳನ್ನು ನಮ್ಮ ಸಣ್ಣ ಕಂಪನಿ ಕೆಲವು ಲಾರಿಗಳ ಚಕ್ರಗಳಿಗೆ ಕೂರಿಸಿತ್ತು. ಅವು ಅರಬೈಲು ಘಟ್ಟ ಹತ್ತಿ ಬಂದು ಕೋಣೆಯೆದುರು ಹಾಯುವಾಗ ನನ್ನ ಕಂಪ್ಯೂಟರಿನಲ್ಲಿ ಅಂಕಿಗಳು ಮೂಡಬೇಕು. ನನ್ನ ಊರು ಸಿದ್ದಾಪುರ. ಯಲ್ಲಾಪುರದಲ್ಲಿ ಪರಿಚಯದವರು ಯಾರೂ ಇರಲಿಲ್ಲ.

ಮೊದಮೊದಲು ಸೆನ್ಸರನ್ನು ನಂಬುವಂತಿರಲಿಲ್ಲ. ಪ್ರತಿ ಲಾರಿಯನ್ನೂ ನಿಲ್ಲಿಸಿ, ಚಕ್ರಚಕ್ರಕ್ಕೂ ಬಗ್ಗಿ, ಕೈಯಲ್ಲಿ ಅಳೆದದ್ದೂ ಪರದೆಯ ಮೇಲಿನದೂ ಒಂದೇ ಇದೆಯೇ ಎಂದು ನೋಡಬೇಕಿತ್ತು. ಹೆಚ್ಚಿನ ಡ್ರೈವರುಗಳಿಗೆ ಅದು ಕಿರಿಕಿರಿ. ಹಾವೇರಿ ಕಡೆಯವರೊಬ್ಬರು ಮಾತ್ರ ಇಳಿದು, ಪಕ್ಕದ ಗೂಡಂಗಡಿಯ ಅಕ್ಕನಿಗೆ ಎರಡು ಚಹಾ ಹೇಳಿ, ನನ್ನ ಹಿಂದೆಯೇ ಸುತ್ತುತ್ತಿದ್ದರು.

"ಏನ್ರೀ ಡಾಕ್ಟ್ರ, ಜ್ವರ ಎಷ್ಟೈತಿ?"

"ಎಡಗಡೆ ಹಿಂದಿನದು ಸ್ವಲ್ಪ ಬಿಸಿ."

"ಘಟ್ಟ ಹತ್ತಿ ಬಂದೈತ್ರಿ, ತಣ್ಣಗ ಹೆಂಗ ಇರ್ತೈತಿ? ನೀವೂ ಒಮ್ಮೆ ನಡಕೋಂತ ಹತ್ತಿ ಬರ್ರಿ. ನಿಮಗೂ ಒಂದು ಸೆನ್ಸರ್ ಹಚ್ಚಿ ನೋಡೂಣು."

ಇಡೀ ದಿನದಲ್ಲಿ ನಾನು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ.

ಕ್ರಮೇಣ ಅಂಕಿಗಳು ಹೊಂದಿದವು. ಇನ್ನು ಲಾರಿ ನಿಲ್ಲಿಸುವ ಅಗತ್ಯವಿಲ್ಲ, ವೇಗ ತಗ್ಗಿಸಿದರೆ ಸಾಕು ಎಂದು ವರದಿ ಬರೆದದ್ದು ನಾನೇ. ಕಂಪನಿಯವರು ಹೊಗಳಿದರು. ಆಮೇಲೆ ಯಾರೂ ನಿಲ್ಲಲಿಲ್ಲ. ಸಂಜೆ ಹಾವೇರಿಯವರ ಲಾರಿ ಹಾರ್ನ್ ಹೊಡೆದು ಮುಂದೆ ಹೋಗುತ್ತಿತ್ತು. ನನಗೇ ಹೊಡೆದದ್ದೆಂದುಕೊಳ್ಳುತ್ತಿದ್ದೆ, ಆದರೆ ಅಂಕಿ ತಪ್ಪಿಹೋದೀತೆಂದು ಪರದೆಯಿಂದ ಕಣ್ಣು ತೆಗೆಯುತ್ತಿರಲಿಲ್ಲ. "ಇವತ್ತೂ ಒಂದೇ ಚಾನಾ?" ಎಂದು ಕೇಳುವುದನ್ನು ಅಕ್ಕ ಯಾವಾಗಲೋ ಬಿಟ್ಟರು.

ಮಳೆಗಾಲ ಮುಗಿದ ಮೇಲೊಂದು ಸಂಜೆ, ಅದೇ ಲಾರಿಯ ಹಿಂದಿನ ಚಕ್ರದಲ್ಲಿ ಗಾಳಿ ಇಳಿದದ್ದು ಕಂಡಿತು. ರಸ್ತೆಗೆ ಓಡಿ ಕೈ ಬೀಸಿದೆ. ಓಡುತ್ತಲೇ ಎರಡು ಚಹಾ ಎಂದು ಕೂಗಿದೆ. ಗಾಬರಿಯಾಗಬೇಕಿತ್ತು, ನನಗೆ ಖುಷಿಯಾಗಿತ್ತು.

ಇಳಿದವನು ಬೇರೆ ಮನುಷ್ಯ.

"ಹಳಬರಾ? ಅವರು ಗಾಡಿ ಬಿಟ್ಟು ಭಾಳ ದಿನ ಆತಲ್ರಿ. ಊರಾಗ ಅದಾರ."

"ಮತ್ತೆ ದಿನಾ ಹಾರ್ನ್ ಹೊಡೀತಿದ್ದದ್ದು?"

"ತಿರುವು ಐತಲ್ರಿ ಇಲ್ಲಿ. ಎಲ್ಲಾರೂ ಹೊಡೀತೀವಿ."

ಅವನಿಗೆ ಅವಸರವಿತ್ತು. ಚಹಾ ಬೇಡವೆಂದು, ಚಕ್ರ ಬದಲಿಸಿಕೊಂಡು ಹೊರಟುಹೋದ. ಅಕ್ಕ ಎರಡೂ ಲೋಟ ನನ್ನೆದುರೇ ಇಟ್ಟರು.

"ಎಂತ ಮಾರಾಯ್ರೆ, ಕಡೇ ದಿನ ಅವ್ರು ನಿಧಾನ ಮಾಡಿ ನಿಮಗೆ ಕೈ ಎತ್ತಿದ್ರು. ನೀವು ನೋಡ್ಲೇ ಇಲ್ಲ. ಆಗ್ಲೇ ಹೇಳಿದ್ನಲ್ಲ ನಿಮಗೆ?"

ಹೇಳಿದ್ದು ನನಗೆ ನೆನಪಿಲ್ಲ. ಆದರೆ ಈಗ ಬರೆಯಲು ಕೂತರೆ, ಲಾರಿಯ ಕಿಟಕಿಯಿಂದ ಎತ್ತಿದ ಆ ಕೈ ಸ್ಪಷ್ಟವಾಗಿ ಕಾಣುತ್ತದೆ, ಮಡಚಿದ ತೋಳಿನ ಸಮೇತ. ನೋಡದೇ ಇದ್ದದ್ದು ಇಷ್ಟು ಚೆನ್ನಾಗಿ ನೆನಪಿರುವುದು ಹೇಗೆ? ಅಕ್ಕನ ಮಾತಿನಿಂದ ನಾನೇ ಕಟ್ಟಿಕೊಂಡಿರಬೇಕು. ಹಾವೇರಿಯವರು ಗಾಡಿ ಬಿಟ್ಟ ಸಂಜೆ ಯಾವುದೆಂದು ಹಳೆಯ ಅಂಕಿಗಳಲ್ಲಿ ಹುಡುಕಿದ್ದೂ ಉಂಟು. ಗಾಳಿ ಸರಿಯಿತ್ತು, ಬಿಸಿ ಸರಿಯಿತ್ತು, ಎಲ್ಲ ಸಂಜೆಗಳೂ ಒಂದೇ ಥರ.

ಚಕ್ರ ಬದಲಿಸಿದ ಮರುದಿನ ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿದೆ. ಲಾರಿ ಬಂತು. ನಾನು ಕೈ ಎತ್ತಿದೆ. ಹೊಸಬ ತಿರುವು ನೋಡುತ್ತಿದ್ದ.