ಎರಡು ಸಾಲಿನ ಬ್ರಷ್

1984ರಲ್ಲಿ ನಾನು ಮೇಟ್ಟುಪಾಳಯಂನ ಒಂದು ಬಾಡಿಗೆ ಕೋಣೆಯಲ್ಲಿ ದಂತ ಚಿಕಿತ್ಸಾಲಯ ನಡೆಸುತ್ತಿದ್ದೆ. ಮದುವೆಯಾಗಿ ಮೈಸೂರಿನಿಂದ ಬಂದು ಮೂರು ವರ್ಷವಾಗಿತ್ತು. ತಮಿಳು ಇನ್ನೂ ತಡವರಿಸುತ್ತಿದ್ದುದರಿಂದ, ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದ ಕನ್ನಡದ ನೇಕಾರರು ಬಂದರೆ ನನಗೆ ಹಬ್ಬ. ಬಂದವರೆಲ್ಲ ಕೇಳುತ್ತಿದ್ದುದು ಮಾತ್ರ ಒಂದೇ: ಹಲ್ಲು ಕೀಳಿ. ನನಗೋ ಹಲ್ಲು ಉಳಿಸುವ ಹುಚ್ಚು.

ಸೌಡಮ್ಮನಿಗೆ ಆಗ ಮೂವತ್ತೆಂಟು ವರ್ಷ. ಗಂಡ ರಾಮಲಿಂಗಂ ಜೊತೆ ಬಂದವಳು ಕುರ್ಚಿಯಲ್ಲಿ ಕೂತೊಡನೆ, "ಮುಂದಿನ ಹಲ್ಲೆಲ್ಲಾ ಎಳ್ದಾಕ್ಬಿಡಿ ಡಾಕ್ಟ್ರಮ್ಮಾ" ಎಂದಳು. ನೋಡಿದರೆ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು. ಒಸಡು ಊದಿಕೊಂಡಿತ್ತು, ಮುಟ್ಟಿದರೆ ರಕ್ತ. ಹಲ್ಲಿಗೂ ಒಸಡಿಗೂ ನಡುವಿನ ಸಂದಿಯನ್ನು ನಾವು ಪಾಕೆಟ್ ಎನ್ನುತ್ತೇವೆ. ಅವಳದು ಐದು ಮಿಲಿಮೀಟರ್ ಆಳಕ್ಕಿಳಿದಿತ್ತು. ನೋವಿಲ್ಲದ ಹಲ್ಲನ್ನು ಯಾಕೆ ಕೀಳಬೇಕು ಎಂದು ಗದರಿದೆ.

"ನೋವಿಗಲ್ಲಮ್ಮಾ, ವೇಷ್ಟಿಗೆ" ಎಂದಳು.

ಅವಳು ನೇಯುತ್ತಿದ್ದುದು ಅಚ್ಚ ಬಿಳಿ ಪಂಚೆ, ಅವರ ಮಾತಿನಲ್ಲಿ ವೇಷ್ಟಿ. ಲಾಳಿಯೊಳಗಿನ ನೂಲು ಮುಗಿದಾಗಲೆಲ್ಲ ಹೊಸ ನೂಲಿಟ್ಟು, ಲಾಳಿಯ ಪುಟ್ಟ ಕಣ್ಣಿಗೆ ತುಟಿಯಿಟ್ಟು ಸರ್ರನೆ ಹೀರಿ ಎಳೆಯನ್ನು ಹೊರತರುತ್ತಾರೆ. ದಿನಕ್ಕೆ ಎಷ್ಟೋ ಸಲ ನಡೆಯುವ ಕೆಲಸ ಅದು. ಸೌಡಮ್ಮ ಹೀರಿದಾಗ ಎಳೆಯ ಜೊತೆ ರಕ್ತವೂ ಬರುತ್ತಿತ್ತು. ನೂಲು ಕೊಟ್ಟು ನೇಯಿಸುವ ಮೊದಲಾಳಿ ಕಲೆಯಾದ ಎರಡು ವೇಷ್ಟಿಗಳನ್ನು ವಾಪಸು ಎಸೆದಿದ್ದ.

"ಇನ್ನೊಂದು ಕರೆ ಬಿತ್ತೂಂದ್ರೆ ತರಿ ಬೇರೆಯವ್ರ ಮನೇಗೆ ಅಂದ್ಬಿಟ್ಟವ್ನೆ" ಎಂದ ರಾಮಲಿಂಗಂ. ಕರೆ ಎಂದರೆ ಕಲೆ, ತರಿ ಎಂದರೆ ಮಗ್ಗ. ಮಗ್ಗ ಹೋದರೆ ಮನೆಯ ಅನ್ನವೇ ಹೋದಂತೆ.

ಕೀಳುವುದಿಲ್ಲ ಎಂದು ಹಟ ಹಿಡಿದೆ. ಮೂರು ಭೇಟಿಗಳಲ್ಲಿ ಸ್ಕೇಲಿಂಗ್ ಮಾಡಿದೆ, ಅಂದರೆ ಒಸಡಿನಡಿ ಗಟ್ಟಿಯಾಗಿದ್ದ ಪಾಚಿಯನ್ನು ಕೆರೆದು ತೆಗೆದೆ. ಅವಳು ಉಜ್ಜುತ್ತಿದ್ದ ಹೊಟ್ಟಿನ ಬೂದಿ ಬಿಡಿಸಿ, ಅಂಗಡಿಯಿಂದ 'ಸಾಫ್ಟ್' ಎಂದು ಬರೆದಿದ್ದ ಬ್ರಷ್ ತರಿಸಿದೆ. ಒಸಡಿನ ಅಂಚಿಗೆ ನಲವತ್ತೈದು ಡಿಗ್ರಿ ಓರೆಯಾಗಿ ಹಿಡಿದು ಮೆಲ್ಲಗೆ ಅಲುಗಿಸುವುದನ್ನು ಕನ್ನಡಿ ಮುಂದೆ ಕಲಿಸಿದೆ. ಲಾಳಿಯನ್ನು ಸದ್ಯಕ್ಕೆ ಗಂಡನೇ ಹೀರಲಿ ಎಂದೆ.

ಎರಡು ವಾರದ ನಂತರ ಬಂದಾಗ ಊತ ಇಳಿದಿತ್ತು, ಆದರೆ ಒಸಡಿನ ಅಂಚಿನ ತುಂಬ ಹೊಸ ಗೀರುಗಳು! ನನಗೆ ರೇಗಿಹೋಯಿತು. ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತೀಯಲ್ಲ ಎಂದು ಕೂಗಾಡಿದೆ. "ನೀವು ಹೇಳ್ದಂಗೇ ತಾನ್ ಮಾಡ್ದೆ" ಎಂದು ಅವಳು ಕಣ್ಣೊರೆಸಿಕೊಂಡಳು.

ಗೋಡೆಗೊರಗಿ ನಿಂತಿದ್ದ ರಾಮಲಿಂಗಂ ಹೆಂಡತಿಯ ಕೈಯಿಂದ ಬ್ರಷ್ ಈಸಿಕೊಂಡು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಒಮ್ಮೆ ಎಳೆದುಕೊಂಡ.

"ಇದನ್ನ ಪಾವಿಗೆ ಹಾಕಿದ್ರೆ ನೂಲೆಲ್ಲಾ ಅರುಂದೋಗ್ತದೆ ಅಮ್ಮಾ. ನಾವು ಹೊಸ ಬ್ರಷ್ಷು ತಂದ್ರೆ ಮೊದ್ಲು ಕಲ್ಮೇಲೆ ತಿಕ್ಕಿ ತಿಕ್ಕಿ ಮೊನೆ ಸಾಯ್ಸ್ತೀವಿ. ಅಪ್ಪುರಂ ತಾನ್ ಪಾವು."

ಪಾವು ಎಂದರೆ ಮಗ್ಗಕ್ಕೇರುವ ಉದ್ದೆಳೆಗಳು. ಬೆಳಿಗ್ಗೆ ಬೀದಿಯುದ್ದಕ್ಕೂ ಅವನ್ನು ಹಾಸಿ, ಗಂಜಿ ಸವರಿ, ನಾರಿನ ದೊಡ್ಡ ಬ್ರಷ್‌ನಿಂದ ಎಳೆ ಎಳೆ ಬಿಡಿಸುವುದೇ ರಾಮಲಿಂಗಂನ ಕಸುಬು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಅಯ್ಯೋ! ಪ್ರತಿಯೊಂದು ನೈಲಾನ್ ಕೂದಲ ತುದಿಯೂ ಓರೆಯಾಗಿ ಕತ್ತರಿಸಿದ್ದು, ಚೂರಿಯಷ್ಟು ಚೂಪು. ತುದಿ ದುಂಡಗಿರಬೇಕೆಂದು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು ನಾನು. ಅಂಗಡಿಯ ಬ್ರಷ್ಷನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

ಆ ಮಧ್ಯಾಹ್ನ ಊಟ ಮರೆತು ಮೂವರೂ ಕ್ಲಿನಿಕ್ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತೆವು. ರಾಮಲಿಂಗಂ ಹೊಸ ಬ್ರಷ್ಷನ್ನು ನೀರು ಹಾಕಿ ಹಾಕಿ ತಿಕ್ಕುವುದು, ನಾನು ಕಸಿದುಕೊಂಡು ಭೂತಗನ್ನಡಿಯಲ್ಲಿ ನೋಡುವುದು, "ಇನ್ನೂ ಸ್ವಲ್ಪ!" ಎನ್ನುವುದು. ತುದಿಗಳು ದುಂಡಗಾದ ಮೇಲೆ ಅವನು ಕೇಳಿದ, "ಹೋಗ್ಬೇಕಾದ್ದು ಈ ಸಣ್ಣ ಸಂದಿಗೆ ತಾನೆ? ನಾಲ್ಕು ಸಾಲು ಎದುಕ್ಕೆ?" ಇಕ್ಕಳ ಕೊಟ್ಟೆ. ಅಂಚಿನ ಎರಡು ಸಾಲು ಕಿತ್ತು ಎರಡೇ ಉಳಿಸಿದ. ಸೌಡಮ್ಮನ ಒಸಡಿನ ಅಂಚಿಗೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಆರು ವಾರ ಕಳೆದರೂ ಅವಳು ಬರಲಿಲ್ಲ. ಮಗ್ಗ ಹೋಗಿಯೇಬಿಟ್ಟಿತೇ ಎಂಬ ಭಯಕ್ಕೆ ನಾನೇ ಮನೆ ಹುಡುಕಿಕೊಂಡು ಹೋದೆ. ಬೀದಿಗೇ ಮಗ್ಗದ ಸದ್ದು ಕೇಳಿಸಿತು. ಒಳಗೆ ಸೌಡಮ್ಮ ಹೊಸ ನೂಲಿಟ್ಟು, ಲಾಳಿಯನ್ನು ತುಟಿಗೆತ್ತಿ ತಾನೇ ಹೀರಿದಳು. ಎಳೆ ಬಿಳಿಯಾಗಿಯೇ ಹೊರಬಂತು. ನಾನು ಹೋ ಎಂದು ಕೂಗಿದೆ. ಅವಳು ತಲೆಯೆತ್ತದೆ, "ಚುಮ್ಮಾ ಇರಿ ಡಾಕ್ಟ್ರಮ್ಮಾ, ಕರೆಕ್ಟಾಗಿ ಅಂಚು ಬರೋ ಟೈಮು" ಎಂದು ನನ್ನನ್ನೇ ಗದರಿದಳು.

ವೃತ್ತಿ ನನಗೆ ಕಲಿಸಿದ್ದು ಇಷ್ಟು: ರೋಗಿಯ ಕೈಯನ್ನು ದೂರುವ ಮೊದಲು, ಆ ಕೈಗೆ ನಾನು ಕೊಟ್ಟದ್ದೇನು ಎಂದು ನೋಡಬೇಕು. ಕ್ಲಿನಿಕ್‌ನಲ್ಲಿ ಕೂಗಾಡಿದ್ದಕ್ಕೆ ಆ ದಿನ ಮಗ್ಗದ ಪಕ್ಕದಲ್ಲೇ ನಿಂತು ಸೌಡಮ್ಮನ ಕ್ಷಮೆ ಕೇಳಿದೆ. ಮಗ್ಗದ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲವೆಂದು ಕಾಣುತ್ತದೆ, ಎರಡನೆಯ ಸಲ ಇನ್ನೂ ಜೋರಾಗಿ ಹೇಳಿದೆ.