ಖೋಲಿ ಬಿಗಿ ಇರಬೇಕು

ದೂಮಣ್ಣ ರೈಫಲ್ಲಿನ ಗುಣವನ್ನು ತುಟಿಯಿಂದ ಅಳೆಯುತ್ತಿದ್ದರು. ಗುಂಡು ಹಾರಿದ ಮೇಲೆ ಹೊರಬಿದ್ದ ಖಾಲಿ ಹಿತ್ತಾಳೆ ಕೋಶವನ್ನು ಕೆಳತುಟಿಯ ಮೇಲೆ ಹೊರಳಿಸಿ, ಎಷ್ಟು ಉಬ್ಬಿದೆಯೆಂದು ನೋಡಿ, “ಖೋಲಿ ಸಡಿಲ ಉಂಟು” ಎಂದು ತೀರ್ಪು ಕೊಡುತ್ತಿದ್ದರು. ತೋಟಾ, ಎಂದರೆ ಮದ್ದು ತುಂಬಿ ಮೂತಿಗೆ ಗುಂಡು ಸಿಕ್ಕಿಸಿದ ಕೋಶ, ನಳಿಗೆಯಲ್ಲಿ ಕೂರುವ ಕುಳಿಗೆ ಅವರಿಟ್ಟ ಹೆಸರು ಖೋಲಿ. ಮುಂಬಯಿ ಬಳಿಯ ಡೊಂಬಿವಲಿಯ ಚಾಳಿನಲ್ಲಿ, ಅಲ್ಲಿನವರು ಖೋಲಿ ಎನ್ನುವ ಒಂದೇ ಕೋಣೆಯಲ್ಲಿ ಮೂವತ್ತು ವರ್ಷ ಬಾಳಿದ ಉಡುಪಿಯ ಮನುಷ್ಯನಿಗೆ ಬೇರೆ ಹೆಸರು ಹೇಗೆ ಹೊಳೆದೀತು?

ಕಲ್ಯಾಣದ ನಮ್ಮ ಪುಟ್ಟ ಶೂಟಿಂಗ್ ಕ್ಲಬ್ಬಿನಲ್ಲಿ ರೈಫಲ್ ರಿಪೇರಿ ಅವರದೇ. ಒಮ್ಮೆ ನಾನು ದುಬಾರಿ ವಿದೇಶಿ ತೋಟಾ ತಂದು ಬೀಗಿದೆ. ಗುರಿಹಲಗೆಯ ತುಂಬ ತೂತುಗಳು ದಿಕ್ಕಾಪಾಲು.

“ರೇಟ್ ನೋಡಿ ತರ್ಲಿಕ್ಕೆ ಇದೇನು ಸೀರೆಯಾ ಮಾರಾಯ್ತಿ? ಖೋಲಿ ದೊಡ್ಡದಾದ್ರೆ ಗುಂಡು ಸೊಟ್ಟ ಮಲಗ್ತದೆ. ಸೊಟ್ಟ ಮಲಗಿದ್ದು ಸೊಟ್ಟವೇ ಹೊರಡ್ತದೆ.”

ಆಮೇಲೆ ನನಗಾಗಿ ಹೊಸ ನಳಿಗೆಗೆ ಬಿಗಿಯಾದ ಖೋಲಿ ಕೊರೆದರು, ಗುಂಡಿನ ಮೂತಿ ನಳಿಗೆಯ ಒಳಗೀರುಗಳನ್ನು ಕಚ್ಚಿ ಕೂರುವಷ್ಟು. ನಾಲ್ಕು ಬಗೆಯ ತೋಟಾ ಹಾರಿಸಿ, ಅದಕ್ಕೆ ಒಗ್ಗುವ ಅಗ್ಗದ್ದೊಂದನ್ನು ಆರಿಸಿದರು. ಈಗ ಐದು ಗುಂಡಿನ ತೂತನ್ನು ಒಂದು ಅಂಗಿಗುಂಡಿ ಮುಚ್ಚುತ್ತಿತ್ತು. ಜೊತೆಗೇ ಎಚ್ಚರಿಸಿದರು: “ತುಂಬಿಸಿದ್ದನ್ನು ಎಳೀಬಾರ್ದು. ಕೋಶ ಬರ್ತದೆ, ಗುಂಡು ಒಳಗೇ ಉಳೀತದೆ. ಹಾರಿಸಿಯೇ ಖಾಲಿ ಮಾಡು.”

ರಾಜ್ಯ ಪಂದ್ಯಕ್ಕೆ ಒಂದು ವಾರವಿತ್ತು. ಬೆಳಗಿನ ಅಭ್ಯಾಸದಲ್ಲಿ ನಾನು ಕೊನೆಯ ತೋಟಾ ತುಂಬಿಸಿದ್ದೆ. ಅಷ್ಟರಲ್ಲಿ ಹಲಗೆ ಬದಲಿಸಲು ಜನ ಮುಂದೆ ಹೋದರು. ಅವರು ಮರಳುವವರೆಗೆ ಹಾರಿಸುವಂತಿಲ್ಲ. ಫಾಸ್ಟ್ ಲೋಕಲ್ ರೈಲು ತಪ್ಪಿದರೆ ಥಾಣೆಯಲ್ಲಿ ಗಾಡಿ ಬದಲಿಸಿ ಸೀವುಡ್ಸಿನ ಆಫೀಸು ಸೇರುವಾಗ ಅರ್ಧ ದಿನದ ರಜೆ ಬೀಳುತ್ತಿತ್ತು. ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಎಳೆದೆ. ಬರಿಯ ಕೋಶ ಬಂತು, ಮದ್ದಿನ ಪುಡಿ ಚಾಪೆಗೆ ಉದುರಿತು. ಕೊಡವಿ, ರೈಫಲ್ಲನ್ನು ಅದರ ಜಾಗದಲ್ಲಿಟ್ಟು ಓಡಿದೆ. ಸಂಜೆ ಹೇಳಿದರಾಯಿತು ಎಂದುಕೊಂಡೆ.

ಹತ್ತು ಗಂಟೆಗೆ ದೂಮಣ್ಣ, ನನ್ನ ಪಂದ್ಯಕ್ಕೆಂದೇ ತರಿಸಿದ ತೋಟಾ ಪರೀಕ್ಷಿಸಲು ಅದೇ ರೈಫಲ್ ಎತ್ತಿಕೊಂಡರಂತೆ. ಬೋಲ್ಟ್ ಸಲೀಸಾಗಿ ಮುಚ್ಚಲಿಲ್ಲ. ಬೇರೆಯವರಾದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಇವರು, “ಹಾಂ, ಬಿಗಿ ಕೂತಿತು!” ಎಂದು ಖುಷಿಯಿಂದ ಒತ್ತಿ ಮುಚ್ಚಿದರು. ಹಾರಿಸಿದೊಡನೆ ತೋಟಾ ಹಿಂದಕ್ಕೆ ಸಿಡಿದು ಹಿತ್ತಾಳೆಯ ಚೂರು ಬಲಗಣ್ಣಿಗೆ ಹೊಕ್ಕಿತು.

ಎರಡು ತಿಂಗಳ ನಂತರ ಡೊಂಬಿವಲಿಯ ಅವರ ಮನೆಗೆ ಹೋದೆ. ಆ ಕಣ್ಣು ತೆಗೆದಿದ್ದರು.

“ಖೋಲಿಯಲ್ಲಿ ಮೊದಲೇ ಒಬ್ಬ ಇದ್ದ. ನಾನು ಇಣುಕಿ ನೋಡ್ಲಿಲ್ಲ” ಎಂದರು. ಉಳಿದ ಕಣ್ಣಿನಿಂದ ನನ್ನನ್ನೇ ನೋಡಿದರು. “ನೀನು ಎಳೆದದ್ದಲ್ಲ ಅಲ್ವಾ?”

“ಅಲ್ಲ ದೂಮಣ್ಣ.”

“ಸಾಕು. ಕಲಿಸಿದ್ದು ಹಾಳಾಗ್ಲಿಲ್ಲ.”

ಮುಂದಿನ ಭಾನುವಾರ ನಿಜ ಹೇಳಲೆಂದೇ ಹೊರಟೆ. ಡೊಂಬಿವಲಿ ಬಂತು, ಇಳಿಯಲಿಲ್ಲ. ನಾನು ಹೇಡಿ. ಮಳೆಗಾಲದಲ್ಲಿ ಅವರು ತೀರಿಕೊಂಡರು. ಗುಂಡು ಬಿಟ್ಟುಹೋದವರು ಯಾರೆಂದು ಕ್ಲಬ್ಬಿನವರು ಹುಡುಕಲೇ ಇಲ್ಲ. ತಪ್ಪು ತಮ್ಮದೇ ಎಂದು ದೂಮಣ್ಣ ಆಸ್ಪತ್ರೆಯಿಂದಲೇ ಬರೆದುಕೊಟ್ಟಿದ್ದರು.